ನಾಲ್ಕು ಜನರ ಆಲಿವ್

ದತ್ತಾತ್ರೇಯ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಜಿಪಿ, ಅಂದರೆ ಸಾಮಾನ್ಯ ಕಾಯಿಲೆಗಳನ್ನು ನೋಡುವ ಡಾಕ್ಟರು. ಹೆಂಡತಿ ಚಂದ್ರಿಕಾ, ಅವಳೂ ಡಾಕ್ಟರು, ಬೇರೆಯಾಗಿ ನಾಟಿಂಗ್‌ಹ್ಯಾಮಿಗೆ ಹೋದ ಮೇಲೆ ರಜೆ ಬಂದರೆ ಏನು ಮಾಡಬೇಕೆಂದೇ ಅವನಿಗೆ ತೋಚುತ್ತಿರಲಿಲ್ಲ. ಈ ಸಲ ಗ್ರೀಸಿನ ಥೆಸಲೊನೀಕಿಗೆ ಒಂದು ವಾರ ಹೊರಟುಬಿಟ್ಟ.

ಎರಡನೆಯ ದಿನ ಊರ ನಡುವಿನ ಹಳೆಯ ಮಾರುಕಟ್ಟೆ ಹೊಕ್ಕ. ಇಕ್ಕಟ್ಟಾದ ಓಣಿಗಳು; ಮಂಜುಗಡ್ಡೆಯ ಮೇಲೆ ಮೀನು, ಪೀಪಾಯಿಗಳಲ್ಲಿ ಉಪ್ಪುನೀರಿನ ಚೀಸ್, ಎಲ್ಲೆಲ್ಲೂ ಕೂಗಾಟ. ಆಲಿವ್ ಮಾರುತ್ತಿದ್ದ ಎಲೆನಿ ಎಂಬ ದಪ್ಪ ಹೆಂಗಸು ಚಮಚದಲ್ಲಿ ಒಂದು ಕಾಯಿಯನ್ನು ಅವನ ಬಾಯಿಗೇ ಹಿಡಿದಳು.

"ಮನೆಯಲ್ಲಿ ಎಷ್ಟು ಜನ?" ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದಳು.

ಒಬ್ಬನೇ ಎಂದು ನಿಜ ಹೇಳಲು ನಾಲಿಗೆ ಏಳಲಿಲ್ಲ. "ನಾಲ್ಕು," ಎಂದ. ಅಷ್ಟಕ್ಕೇ ಸುಮ್ಮನಿರದೆ, "ಹೆಂಡತಿಗೆ ಆಲಿವ್ ಅಂದರೆ ಪ್ರಾಣ. ಹೋಟೆಲಿನಲ್ಲಿ ಮಲಗಿದ್ದಾಳೆ," ಎಂದೂ ಸೇರಿಸಿದ.

ಎಲೆನಿ ಒಂದೂವರೆ ಕಿಲೋ ತೂಗಿದಳು. ಹೆಂಡತಿಗೆಂದು ಒಣಗಿದ ಓರೆಗಾನೊ ಸೊಪ್ಪಿನ ಕಟ್ಟೊಂದನ್ನು ಪುಕ್ಕಟೆ ಚೀಲಕ್ಕೆ ತುರುಕಿ, "ನಾಳೆ ಅವಳನ್ನೂ ಕರೆದುಕೊಂಡು ಬಾ!" ಎಂದಳು.

ಅಂದಿನಿಂದ ದತ್ತಾತ್ರೇಯ ಮೀನಿನಂಗಡಿಗಳ ಹಿಂದಿನಿಂದ ಸುತ್ತುಹಾಕಿ ಹೋಗತೊಡಗಿದ. ಆದರೂ ನಾಲ್ಕನೆಯ ದಿನ ಸಿಕ್ಕಿಬಿದ್ದ. ಎಲೆನಿ ಅವನ ಬೆನ್ನ ಹಿಂದೆ ಇಣುಕಿ, "ಎಲ್ಲಿ?" ಎಂದಳು.

"ಜ್ವರ," ಎಂದ.

ಅವಳು ಲೊಚಗುಟ್ಟಿ ಎರಡು ನಿಂಬೆಹಣ್ಣು ಕೈಗಿಟ್ಟಳು. ಅವನ್ನು ಹಿಡಿದುಕೊಂಡೇ ಸಮುದ್ರದ ದಂಡೆಯವರೆಗೂ ನಡೆದ. ಮತ್ತೆ ಮಾರುಕಟ್ಟೆಯ ಕಡೆ ತಲೆಹಾಕಲಿಲ್ಲ.

ಶೆಫೀಲ್ಡಿಗೆ ಮರಳಿದ ಸಂಜೆ ಚಂದ್ರಿಕಾಗೆ ಫೋನ್ ಮಾಡಿದ.

"ಗ್ರೀಸಿಂದ ಆಲಿವ್ ತಂದಿದೀನಿ. ತುಂಬಾ ಇದೆ. ಭಾನುವಾರ ತಂದ್ಕೊಡ್ಲಾ?"



"ರೀ, ನಾನ್ಯಾವತ್ತು ಆಲಿವ್ ತಿಂದಿದೀನಿ? ಪಿಜ್ಜಾ ಮೇಲಿರೋದನ್ನೂ ತೆಗೆದು ನಿಮ್ಮ ತಟ್ಟೆಗೇ ಹಾಕ್ತಿದ್ನಲ್ಲ."

ಅವಳು ತನಗೆ ಇಷ್ಟವಾದದ್ದನ್ನು ಗಂಡನಿಗಾಗಿ ಬಿಟ್ಟುಕೊಡುತ್ತಿದ್ದಾಳೆ ಎಂದೇ ಅವನು ಅಷ್ಟೂ ವರ್ಷ ತಿಳಿದಿದ್ದ. ಒಂದು ದಿನವೂ ಕೇಳಿರಲಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಆರೋಗ್ಯ ನೋಡ್ಕೊಳ್ಳಿ. ನಾಳೆ ಬೆಳಿಗ್ಗೇನೇ ಡ್ಯೂಟಿ ಇದೆ, ಫೋನ್ ಇಡ್ತೀನಿ," ಎಂದಳು.

ಮರುದಿನ ಆಲಿವನ್ನು ಒಂದು ಡಬ್ಬಿಗೆ ತುಂಬಿ ಕ್ಲಿನಿಕ್ಕಿನ ಸ್ಟಾಫ್ ರೂಮಿನಲ್ಲಿಟ್ಟು, ಯಾರು ಬೇಕಾದರೂ ತಿನ್ನಬಹುದೆಂದು ಚೀಟಿ ಬರೆದ. ಮಧ್ಯಾಹ್ನ ಹೋಗಿ ನೋಡಿದರೆ ಡಬ್ಬಿ ಬರಿದಾಗಿತ್ತು. ಯಾರು ತಿಂದರೋ ತಿಳಿಯಲಿಲ್ಲ. ಅದನ್ನು ತೊಳೆದು ಬೋರಲು ಹಾಕಿ, ಮುಂದಿನ ರೋಗಿಯನ್ನು ಕರೆದ.