ಬೀಗಿತ್ತಿಗೆ ತಪ್ಪಿದ ತಾಂಬೂಲ

ಬೂಕನಕೆರೆಯ ಬೀಗರು ಬಾಡೂಟಕ್ಕೆ ಬರುವ ದಿನ ಗೊತ್ತಾದಾಗಿನಿಂದ ಚಿನಕುರಳಿಯ ಸಿದ್ದಲಿಂಗಮ್ಮನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ? ಮುದ್ದೆ ಗಂಟಾದರೆ? ಬೀಗಿತ್ತಿ ಚಲುವಮ್ಮ ಅಂತಿಂಥ ಹೆಂಗಸಲ್ಲ. ಮದುವೆಯಲ್ಲಿ ಪಾಯಸವನ್ನು ತುಟಿಗೆ ಸೋಕಿಸಿ, "ಸಕ್ಕರೆ ಅಂಗ್ಡಿ ದೂರವೇನೋ ಪಾಪ" ಅಂದಿದ್ದಳು. ಮಗಳು ಧನುಶ್ರೀ ಅತ್ತೆಗೆ ಕಾಫಿ ಕೊಟ್ಟಾಗಲೆಲ್ಲ ಈಗಲೂ ಅದೇ ಮಾತು. ಇನ್ನು ಈ ಊಟದಲ್ಲಿ ಒಂದು ಕೂದಲು ಸಿಕ್ಕರೂ ಸಾಕು, ಹುಡುಗಿ ಬಾಳಿಡೀ ಅದನ್ನು ಕೇಳಿಸಿಕೊಂಡೇ ಇರಬೇಕು. ತಾಯಿ ಹೆದರಿದ್ದು ಅದಕ್ಕೆ.

"ಅಡುಗೆಯೋರು ಅವ್ರೆ, ನೀನ್ಯಾಕೆ ಇಂಗೆ ಸಾಯ್ತೀಯ? ಕೂತ್ಕೊ" ಎಂದ ಗಂಡ ರಂಗಸ್ವಾಮಿ. ಹೇಳುವುದಕ್ಕೇನು, ಗಂಡಸರಿಗೆ ನಾಲಿಗೆ ಒಂದಿದ್ದರೆ ಆಯಿತು. ಅವಳು ಕೂರಲಿಲ್ಲ. ಬೀಗಿತ್ತಿಯ ಎಲೆಯ ಮುಂದೆ ನಿಂತು, ತಾನೇ ಬಗ್ಗಿ ಬಗ್ಗಿ ಬಡಿಸಿದಳು. ಚಲುವಮ್ಮ ಮೂಳೆ ಚೀಪಿದಳು, ಇನ್ನೊಂದು ಮುದ್ದೆ ಹಾಕಿಸಿಕೊಂಡಳು, ಕೈ ತೊಳೆದು ಬಂದು, "ಉಪ್ಪು ಖಾರ ಸರಿಯಾಗೈತೆ ಕಣವ್ವ" ಅಂದಳು.

ಅಷ್ಟೇ ಸಾಕಾಯಿತು. ಇಷ್ಟು ದಿನ ಹಿಡಿದು ನಿಲ್ಲಿಸಿದ್ದು ಯಾವುದೋ, ಅದು ಮೈಯಿಂದ ಇಳಿದುಹೋಯಿತು. ಇನ್ನು ಉಳಿದಿದ್ದು ತಾಂಬೂಲವೊಂದೇ. ಮನೆಯಾಕೆ ತನ್ನ ಕೈಯಾರೆ ಕುಂಕುಮವಿಟ್ಟು, ಎಲೆ ಅಡಿಕೆ ಕೊಟ್ಟು, ಬಾಗಿಲವರೆಗೂ ಹೋಗಿ ಕಳಿಸಿದರೇ ಬೀಗಿತ್ತಿಗೆ ಮರ್ಯಾದೆ. ತಟ್ಟೆ ತರಲೆಂದು ಸಿದ್ದಲಿಂಗಮ್ಮ ಒಳಕೋಣೆಗೆ ಹೋದಳು. ಉಸಿರು ತೆಗೆದುಕೊಂಡು ಏಳೋಣವೆಂದು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ರಾಗಿ ಮೂಟೆಗೆ ಒರಗಿದಳು.

ಎಚ್ಚರವಾದಾಗ ಅಂಗಳದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ತಾಂಬೂಲದ ತಟ್ಟೆ ತೊಡೆಯ ಮೇಲೇ ಇತ್ತು.

"ಬೀಗ್ರು?"

"ಓದ್ರು ಕಣೆ, ಧನುನೂ ಕರ್ಕೊಂಡು. ನಿನ್ನ ಕರಿಯೋಕೆ ಧನು ಒಳಕ್ಕೆ ಬಂದ್ಲು, ಇಂದೆ ಬೀಗ್ತಿನೂ ಬಂದ್ರು. ಪಾಪ ದಣಿದವ್ರೆ, ಎಬ್ಬಿಸ್ಬೇಡಿ ಅಂದ್ಬುಟ್ರು. ಒಳ್ಳೆ ಎಂಗಸು" ಎಂದ ರಂಗಸ್ವಾಮಿ. ಅವನ ಬುದ್ಧಿ ಇದ್ದುದೇ ಅಷ್ಟು. ಸಿದ್ದಲಿಂಗಮ್ಮನಿಗೆ ಎಲ್ಲ ಅರ್ಥವಾಯಿತು. ಬೀಗಿತ್ತಿ ಬರಿಗೈಯಲ್ಲಿ ಹೊಸಿಲು ದಾಟಿದ್ದಳು, ಅದೂ ಬೇಕೆಂದೇ.

ಅಷ್ಟರಲ್ಲಿ ನೆಂಟರ ಪೈಕಿಯೇ ಆದ ಪಕ್ಕದ ಮನೆಯ ಮಾದಮ್ಮ ಫೋನು ಹಿಡಿದು ಬಂದಳು. ಮುಖದಲ್ಲಿ ಮರುಕವಿತ್ತು, ಕಣ್ಣಲ್ಲಿ ಖುಷಿಯಿತ್ತು. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಸಿದ್ದಲಿಂಗಮ್ಮನ ಫೋಟೋ: ಬಾಯಿ ತೆರೆದಿದೆ, ಸೆರಗು ಜಾರಿದೆ, ಜೊಲ್ಲು ಗಲ್ಲಕ್ಕಿಳಿದಿದೆ. ಕೆಳಗೆ ಚಲುವಮ್ಮನ ಹೆಸರಿನಲ್ಲಿ ಒಂದು ಸಾಲು, "ನಮ್ಮನ್ನ ಕಳಿಸೋಕೆ ನಮ್ ಬೀಗ್ತಿಗೆ ಪುರುಸೊತ್ತಿಲ್ಲ." ಅದರ ಕೆಳಗೆ ಸಾಲುಸಾಲು ನಗು.

ಸಿದ್ದಲಿಂಗಮ್ಮ ಮಗಳಿಗೆ ಫೋನು ಮಾಡಿದಳು. "ನಿಮ್ಮತ್ತೆ ನಿನ್ನ ಏನಾರ ಅಂದ್ರಾ ಮಗಾ?"

"ಇಲ್ಲ ಕಣವ್ವ. ದಾರಿಯುದ್ದಕ್ಕೂ ನಕ್ಕೊಂಡೇ ಬಂದ್ರು. ಇವತ್ತು ನನ್ನ ಪಕ್ಕದಲ್ಲೇ ಕೂರಿಸ್ಕೊಂಡ್ರು."

"ಆ ಫೋಟೋ ಅವ್ರು ಯಾವಾಗ ತೆಗದ್ರು?"

ಮಗಳು ದನಿ ತಗ್ಗಿಸಿದಳು.

"ಅತ್ತೆಗೆ ಫೋಟೋ ತೆಗಿಯೋಕೆ ಬರಾಕಿಲ್ಲ. ಅವ್ರ ಫೋನಲ್ಲಿ ನಾನೇ ತೆಗ್ದೆ, ಅವ್ರು ಏಳ್ದಂಗೆ ಬರ್ದೂ ಹಾಕ್ದೆ. ನೀನೇ ತಾನೆ ಏಳಿದ್ದು, ಅವ್ರಿಗೆ ತಕ್ಕಂಗಿರು ಅಂತ? ಅವ್ರ ಜೊತೆ ನಾನೂ ನಗದೆ ಓದ್ರೆ ನಾಳೆಯಿಂದ ನನ್ನ ನೋಡಿ ನಗ್ತಾರೆ. ಇಡ್ತೀನಿ, ಕರೀತಾವ್ರೆ."

ಫೋನು ಇಡುವ ಮೊದಲು ಹಿಂದಿನಿಂದ ಚಲುವಮ್ಮನ ನಗು ಕೇಳಿತು. ಅದರ ಜೊತೆಗೇ ಮಗಳ ನಗು. ಮಗಳು ಇನ್ನು ಆ ಮನೆಯಲ್ಲಿ ಬಾಳುತ್ತಾಳೆ ಎಂಬುದು ಸಿದ್ದಲಿಂಗಮ್ಮನಿಗೆ ಖಾತ್ರಿಯಾಯಿತು. ಅವಳು ಬೇಡಿಕೊಂಡಿದ್ದೂ ಅದನ್ನೇ. ಬಾಯಿಬಿಟ್ಟು ಅಳಬೇಕೆನಿಸಿತು, ಅದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.