ಎಡಗೈ ಇಲ್ಲದ ಗ್ಲೌಸು

ನಾನು ಒಂದು ಗ್ಲೌಸು. ಫುಟ್‌ಬಾಲ್ ಗೋಲ್‌ಕೀಪರ್ ಹಾಕಿಕೊಳ್ಳುವಂಥದ್ದು, ಬಲಗೈಯದು. ಒಂಟಿ ಗ್ಲೌಸಿಗೆ ಎಂಥಾ ಆತ್ಮಕಥೆ ಅಂತ ನಗಬೇಡಿ. ನಾನೂ ಜೋಡಿಯಾಗೇ ಹುಟ್ಟಿದವನು. ಯಾವುದೋ ಕಾರ್ಖಾನೆಯಲ್ಲಿ ನನ್ನನ್ನೂ ಎಡಗೈಯವನನ್ನೂ ಒಂದೇ ದಿನ ಹೊಲಿದು, ಅಂಗೈಗೆ ಮೆತ್ತನೆಯ ರಬ್ಬರು ಅಂಟಿಸಿ, ಒಂದೇ ಚೀಲಕ್ಕೆ ಹಾಕಿದರು. ಅಂಗೈಗೆ ಅಂಗೈ ಇಟ್ಟುಕೊಂಡು ಮಲಗಿದ್ದೆವು. ನನ್ನ ಸುಖದ ದಿನ ಅಂದರೆ ಅವೇ.

ನಮ್ಮನ್ನು ಕೊಂಡು ತಂದವರು ಬಡಿಗೇರ ಸರ್. ದಾಂಡೇಲಿಯ ಒಂದು ಕಾಲೇಜಿಗೆ ಆ ವರ್ಷ ಹೊಸ ಕೋಚ್ ಆಗಿ ಬಂದಿದ್ದರು. ಅಲ್ಲಿನ ತಂಡವೋ, ಪ್ರತಿವರ್ಷ ಮೊದಲ ಮ್ಯಾಚಿನಲ್ಲೇ ಸೋತು, ದಾರಿಯಲ್ಲಿ ಮಿರ್ಚಿ ಭಜಿ ತಿಂದು ಮನೆಗೆ ಹೋಗುವ ತಂಡ. ಕೀಪರ್‌ಗಳು ಇಬ್ಬರು, ಗ್ಲೌಸು ಒಂದೇ ಜೊತೆ. ಸರ್ ಒಂದು ಪದ್ಧತಿ ಹಾಕಿದರು.

"ಆಡಾಂವ ಆಡ್ಲಿ. ಕುಂತಾಂವ ಗ್ಲೌಸ್ ಮನೀಗೆ ಒಯ್ದು ತೊಳದು ತರ್ಲಿ. ಅಂದ್ರ ಇಬ್ಬರ ಕೈನೂ ಅದರಾಗ ಇರ್ತದ."

ಆಡುವವನು ಜುಜೆ ಸಿದ್ದಿ. ಹಳಿಯಾಳದ ಕಡೆಯವನು, ಹಾಸ್ಟೆಲಿನಲ್ಲಿದ್ದ. ಮಾತು ಕಮ್ಮಿ. ಅವನ ಕೈ ಒಳಗೆ ಬಂತೆಂದರೆ ನನಗೇ ಧೈರ್ಯ ಬರುತ್ತಿತ್ತು. ಕೂರುವವನು ಗುರುಪಾದ. ಅವನ ಅಪ್ಪ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಇಬ್ಬರಿಗೂ ಅದೇ ಕೊನೆಯ ವರ್ಷ. ಗುರುಪಾದ ಮಾತ್ರ ಒಂದೇ ಒಂದು ಮ್ಯಾಚಿಗೂ ಇಳಿದಿರಲಿಲ್ಲ.

ಮ್ಯಾಚ್ ನಡೆಯುವಷ್ಟು ಹೊತ್ತು ನಾನು ಜುಜೆಯವನು, ಉಳಿದ ದಿನವೆಲ್ಲ ಗುರುಪಾದನವನು. ಅವನು ನಮ್ಮನ್ನು ತೊಳೆದು, ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸುತ್ತಿದ್ದ. ಆಮೇಲೆ ಹಾಕಿಕೊಂಡು, ಹಿತ್ತಲ ಗೋಡೆಗೆ ಚೆಂಡು ಎಸೆದು ತಾನೇ ಹಿಡಿಯುತ್ತಿದ್ದ. ಒಳ್ಳೆಯ ಹಿಡಿತ ಸಿಕ್ಕರೆ ಚಪ್ಪಾಳೆ ತಟ್ಟಲು ಯಾರಿದ್ದರು? ತಾನೇ ತಟ್ಟಿಕೊಳ್ಳುತ್ತಿದ್ದ, ಅಂದರೆ ನಮ್ಮಿಬ್ಬರನ್ನೇ. ಅಯ್ಯೋ ಪಾಪ ಅನಿಸುತ್ತಿತ್ತು.

ಬಡಿಗೇರ ಸರ್ ಬಂದದ್ದೇ ತಂಡ ಗೆಲ್ಲತೊಡಗಿತು. ಊರೇ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಅಂತರ ಕಾಲೇಜು ಟೂರ್ನಿಯ ಕ್ವಾರ್ಟರ್ ಫೈನಲ್ ಸುರಿಯುವ ಮಳೆಯಲ್ಲಿ, ನಮ್ಮ ಮೈದಾನದಲ್ಲೇ ಆಯಿತು. ಗೆದ್ದೆವು. ಮರುದಿನವೇ ಸೆಮಿಫೈನಲ್. ಅದನ್ನು ನೋಡಿ ವಿಶ್ವವಿದ್ಯಾಲಯದ ತಂಡಕ್ಕೆ ಒಬ್ಬ ಕೀಪರನ್ನು ಆರಿಸಲು ದೊಡ್ಡವರು ಬರುವವರಿದ್ದರು. ಜುಜೆಗೆ ಇದ್ದದ್ದು ಅದೊಂದೇ ಆಸೆ. "ಆ ತಂಡದಾಗ ಆಡಿದ್ರ ಕ್ರೀಡಾ ಕೋಟಾದಾಗ ನೌಕರಿ ಸಿಗ್ತದಲೇ ಗುರ್ಯಾ" ಅಂತ ಕೆಸರು ಮೆತ್ತಿದ ನಮ್ಮನ್ನು ಕಳಚಿ ಕೊಡುವಾಗ ಹೇಳಿದ.

ಆ ಸಂಜೆ ನೆರಳಲ್ಲಿ ಒಣಗುವ ಮಾತೇ ಇರಲಿಲ್ಲ, ಹವೆಯೆಲ್ಲ ಒದ್ದೆ. ಬಚ್ಚಲ ಒಲೆ ಉರಿಯುತ್ತಿತ್ತು. ಗುರುಪಾದ ಅದರ ಮೇಲೆ ಹಗ್ಗ ಕಟ್ಟಿ ನಮ್ಮನ್ನು ನೇತುಹಾಕಿದ. ಪ್ರೀತಿಯಿಂದಲೇ ಹಾಕಿದ, ಅದನ್ನು ನಾನು ಆಣೆ ಇಟ್ಟು ಹೇಳುತ್ತೇನೆ. ಆದರೆ ರಬ್ಬರಿಗೆ ಪ್ರೀತಿ ಗೊತ್ತಾಗುತ್ತದೆಯೇ? ಬೆಳಿಗ್ಗೆ ಇಳಿಸುವಷ್ಟರಲ್ಲಿ ನಮ್ಮ ಅಂಗೈ ಹಪ್ಪಳವಾಗಿತ್ತು. ಅವನು ಒತ್ತಿ ನೋಡಿದ. ಬಿರಿದ ಸದ್ದು ಕೇಳಿಸಿತು. ಮೈದಾನದಲ್ಲಿ "ಒಣಗ್ಯಾವು, ತಗೋ" ಅಂತಷ್ಟೇ ಹೇಳಿ ಕೊಟ್ಟ.

ಜುಜೆ ನನ್ನನ್ನು ಮೂಗಿನ ಹತ್ತಿರ ಹಿಡಿದ. ಗುರುಪಾದನನ್ನು ಒಂದು ಗಳಿಗೆ ನೋಡಿದ. ಏನೂ ಕೇಳದೆ ಹಾಕಿಕೊಂಡು ಹೋದ.

ಮ್ಯಾಚ್ ಮುಗಿಯಲು ಎರಡೇ ನಿಮಿಷ ಇತ್ತು, ಯಾರದೂ ಗೋಲಿಲ್ಲ. ಒಂದು ಸಾದಾ ಚೆಂಡು ಮೇಲಿಂದ ಬಂತು. ಜುಜೆ ಹಿಡಿದ. ನಾವು ಹಿಡಿಯಲಿಲ್ಲ. ಚೆಂಡು ನಮ್ಮ ಅಂಗೈ ಮೇಲಿಂದ ಜಾರಿ ಅವನ ಹಿಂದೆ ಬಲೆಗೆ ಹೋಯಿತು.

"ಕೈಗೆ ಎಣ್ಣಿ ಹಚ್ಕೊಂಡು ಬಂದಿಯೇನಲೇ?" ಅಂತ ಹುಡುಗರು ಮೇಲೆ ಬಿದ್ದರು. ಬಡಿಗೇರ ಸರ್ ಕೇಳಿದರು, "ಏನಾತೋ ಜುಜೆ?"

"ಜಾರ್ತ್ರೀ ಸರ್. ನಂದ ತಪ್ಪು."

ಗುರುಪಾದ ಅಲ್ಲೇ ನಿಂತಿದ್ದ. ಬಾಯಿ ತೆರೆಯಲಿಲ್ಲ. ನನಗೆ ಐದು ಬೆರಳಿವೆ, ಬಾಯಿಯೊಂದಿಲ್ಲ. ಇದ್ದಿದ್ದರೆ ಕೂಗಿ ಹೇಳುತ್ತಿದ್ದೆ.

ಮರುದಿನ ಮೂರನೇ ಸ್ಥಾನದ ಮ್ಯಾಚಿಗೆ ಸರ್ ಗುರುಪಾದನನ್ನು ಇಳಿಸಿದರು. ಅವನು ಒಂದು ಚೆಂಡನ್ನೂ ಹಿಡಿಯಲು ಹೋಗಲಿಲ್ಲ, ಎಲ್ಲವನ್ನೂ ಮುಷ್ಟಿಯಿಂದ ಗುದ್ದಿದ. ಅಂಗೈ ಕೆಟ್ಟಿದೆ ಅಂತ ಅವನಿಗೆ ಗೊತ್ತಿತ್ತಲ್ಲ! ಜನ ಶಿಳ್ಳೆ ಹಾಕಿದರು, ಆರಿಸಲು ಬಂದ ದೊಡ್ಡವರೂ ನೋಡುತ್ತಿದ್ದರು. ಅವನು ಬಯಸಿದ ಚಪ್ಪಾಳೆ ಕೊನೆಗೂ ಬಂತು. ಸಂಜೆ ಆಯ್ಕೆಯಾದವರ ಪಟ್ಟಿ ಅಂಟಿಸಿದರು. ವಿಶ್ವವಿದ್ಯಾಲಯದ ತಂಡಕ್ಕೆ ಕೀಪರ್: ಗುರುಪಾದ.

ಅವನು ನಮ್ಮನ್ನು ಎದೆಗೆ ಅವಚಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ. ಜುಜೆ ಟ್ರಂಕು ಹಿಡಿದು ಹಳಿಯಾಳದ ಬಸ್ಸಿಗೆ ಕಾಯುತ್ತಿದ್ದ.

"ಜುಜೆ, ಒಲಿ ಮ್ಯಾಲ ಒಣಗಿಸಿದ್ದೆ..."

"ಗೊತ್ತದ. ಹಾಕ್ಕೊಳ್ಳೂ ಮೊದಲ ಹೊಗಿ ವಾಸನಿ ಬಂತು."

"ಮತ್ಯಾಕ ಹೇಳ್ಲಿಲ್ಲೋ?"

"ನೀ ಹೇಳ್ತೀಯೇನೋ ಅಂತ ಕಾದೆ."

ಗುರುಪಾದ ಅಳುತ್ತಾ ನಮ್ಮಿಬ್ಬರನ್ನೂ ಮುಂದೆ ಚಾಚಿದ. ಜುಜೆ ಎಡಗೈಯವನನ್ನು ಮಾತ್ರ ತೆಗೆದುಕೊಂಡ. "ಇನ್ನೊಂದು ನಿನ್ನ ಹಂತ್ಯಾಕ ಇರ್ಲಿ" ಅಂದು ಬಸ್ಸು ಹತ್ತಿದ. ಅದೇ ಕೊನೆ, ಎಡಗೈಯವನನ್ನು ನಾನು ಮತ್ತೆ ನೋಡಲಿಲ್ಲ.

ಗುರುಪಾದ ಅಲ್ಲಿಂದ ನೇರ ಬಡಿಗೇರ ಸರ್ ಮನೆಗೆ ಹೋಗಿ ಎಲ್ಲ ಹೇಳಿ, ಹೆಸರು ತೆಗೆಸಿಕೊಂಡ. ಆ ಜಾಗ ಬೇರೆ ಕಾಲೇಜಿನ ಯಾರಿಗೋ ಹೋಯಿತು. "ನಿನ್ನೆ ಹೇಳಿದ್ರ ಅಂವಗ ಸಿಗ್ತಿತ್ತಲ್ಲೋ" ಅಂದರು ಸರ್. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಗುರುಪಾದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರು, ತಲೆ ನರೆತಿದೆ. ಆಟದ ಸಾಮಾನಿನ ಕೋಣೆಯಲ್ಲಿ ಒಂದು ಮೊಳೆಗೆ ನಾನು ನೇತಾಡುತ್ತೇನೆ. ನನ್ನ ರಬ್ಬರು ಪುಡಿಪುಡಿಯಾಗಿ ಉದುರುತ್ತಿದೆ. ಮಳೆಗಾಲ ಬಂದರೆ ಮಕ್ಕಳಿಗೆ, "ನೆರಳಾಗ ಒಣಗಿಸ್ರೋ" ಅಂತ ಹತ್ತು ಸಲ ಹೇಳುತ್ತಾನೆ. ಅವರು ಹೋದಮೇಲೆ ನನ್ನನ್ನು ಮೊಳೆಯಿಂದ ತೆಗೆದು ಮೂಗಿಗೆ ಹಿಡಿಯುತ್ತಾನೆ. ಆ ಹೊಗೆ ವಾಸನೆ ಹೋಗಿ ಎಷ್ಟೋ ವರ್ಷಗಳಾದವು ಮಾರಾಯಾ, ಅಂತ ಹೇಳೋಣವೆಂದರೆ ನನಗೆ ಬಾಯಿಲ್ಲ. ಅವನು ಇನ್ನೂ ಮೂಸುತ್ತಾನೆ, ಮುಖ ಕಿವುಚಿಕೊಂಡು ಮೊಳೆಗೆ ಹಾಕುತ್ತಾನೆ.