ಜೋಲಿ ಕಾಯುವ ಕೂಲಿ

ಬೊಕ್ಕಾಪುರಂ ಕೆರೆಯಲ್ಲಿ ಸರ್ಕಾರದ ನೂರು ದಿನದ ಕೆಲಸ ನಡೆಯುತ್ತಿತ್ತು. ಮಂಡಿ ಸವೆದು ಮಣ್ಣು ಹೊರಲಾಗದ ಚನ್ನಾಜಮ್ಮನಿಗೆ ಬೇರೆ ದುಡಿಮೆ ಇರಲಿಲ್ಲ. ಉಸ್ತುವಾರಿಯ ಪ್ರೇಮಲತಾ ಅವಳನ್ನು ಮರದಡಿ ಕೂರಿಸಿ, ಕೆಲಸಕ್ಕೆ ಬಂದ ತಾಯಂದಿರ ಐದಾರು ಕೂಸುಗಳನ್ನು ಒಪ್ಪಿಸಿದಳು.

ಸಂಜೆ ಹಾಜರಿ ಹಾಕುವಾಗ ಚನ್ನಾಜಮ್ಮ ಎದ್ದು ಹೊರಟಳು.

“ಹಾಜರೀಲಿ ನನ್ನ ಹೆಸ್ರ ಬರೀಬ್ಯಾಡ, ಬುಟ್ಬುಡು ಕಣವ್ವ. ಕೂಸಾಡಿಸಿದ್ದಕ್ಕೆ ಕೂಲಿ ಈಸ್ಕೊಂಡ್ರೆ ಊರು ನಗ್ತದೆ. ನಾಳಿಂದ ಬರಾಕಿಲ್ಲ.”

“ನಗ್ಲಿ ಬುಡಜ್ಜಿ. ಮಣ್ಣು ಹೊರೋರ್ಗೆಷ್ಟೋ ಕೂಸು ನೋಡೋರ್ಗೂ ಅಷ್ಟೇ. ನಾನೇನು ದಾನ ಮಾಡ್ತಿಲ್ಲ, ಕಾನೂನೇ ಹಂಗದೆ,” ಎಂದಳು ಪ್ರೇಮಲತಾ.

“ಸುಮ್ಕೆ ನೆಳ್ಳಲ್ಲಿ ಕೂತಿದ್ದೆ ಕಣೆ.”

“ಸುಮ್ಕೆ ಕೂತಿದ್ಯಾ? ಕೂಸ್ಗಳು ಉಚ್ಚೆ ಹುಯ್ದು ಸೀರೆ ಪೂರಾ ಒದ್ದೆ ಆಗ್ಯದೆ!”

ಹೆಂಗಸರೆಲ್ಲ ನಕ್ಕರು. ಅವರಲ್ಲೊಬ್ಬಳು ತನ್ನ ಮಗುವನ್ನು ಎತ್ತಿಕೊಳ್ಳುತ್ತ, “ನೀ ಬರ್ದಿದ್ರೆ ಇದನ್ನ ಯಾರ ಕೈಲಿ ಬುಡ್ಲಜ್ಜಿ? ನಂಗೂ ಕೂಲಿ ತಪ್ತದೆ,” ಎಂದಳು.



ಮರುದಿನ ಚನ್ನಾಜಮ್ಮ ಎಲ್ಲರಿಗಿಂತ ಮೊದಲು ಬಂದು, ತನ್ನ ಹಳೆಯ ಸೀರೆಯನ್ನು ಕೊಂಬೆಗೆ ಜೋಲಿಯಾಗಿ ಕಟ್ಟಿ, ಗಟ್ಟಿಯಿದೆಯೇ ಎಂದು ಜಗ್ಗಿ ನೋಡಿದಳು. ಪ್ರೇಮಲತಾ ಹಾಜರಿಗೆ ಅವಳ ಹೆಸರು ಕೂಗಿದಾಗ, ಜೋಲಿಯಲ್ಲಿ ಮಲಗಿದ್ದ ಕೂಸು ಏಳದಂತೆ ಮಾತಾಡದೆ ಕೈಯೆತ್ತಿದಳು.